ಬೆನ್ ಸಾರೆಕ್: ಗಿಡ ಗಿಡ್ಡ, ಗೊಂಚಲು ಭಾರ

ಜಾಗ ಸಣ್ಣದು, ಆದರೂ ಮನೆ ತೋಟದಲ್ಲಿ ಬ್ಲ್ಯಾಕ್‌ಕರಂಟ್ ಇರಲೇಬೇಕು ಅನ್ನುವವರು ಹಿಂದೆಮುಂದೆ ನೋಡದೆ ಬೆನ್ ಸಾರೆಕ್ ತಗೊಳ್ಳಿ. ಒಂದೇ ಷರತ್ತು, ಚಳಿಗಾಲ ಉದ್ದಕ್ಕೆ ಕೊರೆಯುವಂತಿರಬೇಕು. ಚಳಿ ಸಾಲದಿದ್ದರೆ ಹೂವು ಸರಿಯಾಗಿ ಬರುವುದಿಲ್ಲ. ಇದು ಸ್ಕಾಟ್ಲೆಂಡಿನಲ್ಲಿ ಬೆಳೆಸಿದ ತಳಿ. ಬೇರೆ ತಳಿಗಳು ಒಂದೂವರೆ ಮೀಟರ್ ಏರಿ ಅಕ್ಕಪಕ್ಕದ ಜಾಗವನ್ನೂ ನುಂಗುತ್ತವೆ. ಇದು 1ರಿಂದ 1.2 ಮೀಟರಿಗೆ ನಿಂತುಬಿಡುತ್ತದೆ.

ನಾನು ತರಿಸಿದ್ದು ಮಣ್ಣಿಲ್ಲದ ಬರೀ ಬೇರಿನ ಸಸಿ. ಎಲೆ ಉದುರಿದ ಮೇಲೆ ಹೀಗೆ ಕಳಿಸುತ್ತಾರೆ. ಬೇರು ಒದ್ದೆಯಾಗಿತ್ತು, ಮುರಿದಿರಲಿಲ್ಲ. ಆದರೆ ಜೊತೆಗಿದ್ದ ಚೀಟಿ ನೋಡಿ ಸಿಟ್ಟು ಬಂತು. ‘ನೆಟ್ಟು ನೀರು ಹಾಕಿ’, ಅಷ್ಟೇ! ಬೇಕಾದ ಮಾತೇ ಅದರಲ್ಲಿಲ್ಲ. ನರ್ಸರಿಯಲ್ಲಿ ಮಣ್ಣು ಮುಟ್ಟಿದ್ದ ಗುರುತಿಗಿಂತ 5 ಸೆಂ.ಮೀ. ಆಳಕ್ಕೆ ನೆಡಬೇಕು, ಬುಡದಿಂದ ಹೊಸ ಕಡ್ಡಿ ಏಳಲಿ ಅಂತ. ನೆಟ್ಟ ಕೂಡಲೇ ಪ್ರತಿ ಕಡ್ಡಿಯಲ್ಲೂ ನೆಲದ ಹತ್ತಿರದ ಒಂದೆರಡು ಕಣ್ಣು (ಚಿಗುರೊಡೆಯುವ ಮೊಗ್ಗು) ಬಿಟ್ಟು ಮಿಕ್ಕಿದ್ದನ್ನು ಕತ್ತರಿಸಬೇಕು. ದುಡ್ಡು ಕೊಟ್ಟು ತಂದ ಗಿಡ ಅಲ್ವಾ, ಕೈ ನಡುಗುತ್ತದೆ. ಮೊದಲ ಬೇಸಿಗೆಯ ಹಣ್ಣೂ ಹೋಗುತ್ತದೆ. ಆದರೆ ಆ ಬೇಸಿಗೆಯಲ್ಲಿ ಎದ್ದ ಗಟ್ಟಿ ಕಡ್ಡಿಗಳೇ ಮರುವರ್ಷ ಹಣ್ಣು ಹೊತ್ತವು. ಈಗಲೂ ಪ್ರತಿ ಚಳಿಗಾಲ ಹಳೇ ಕಪ್ಪು ಕೊಂಬೆಗಳಲ್ಲಿ ಮೂರರಲ್ಲೊಂದು ಪಾಲನ್ನು ಬುಡಕ್ಕೇ ಕತ್ತರಿಸುತ್ತೇನೆ. ರೆಡ್‌ಕರಂಟ್‌ಗೆ ಮಾತ್ರ ಹೀಗೆ ಮಾಡೋಕೆ ಹೋಗಬೇಡಿ. ಅದು ಹಳೇ ಕೊಂಬೆಯಲ್ಲೇ ಕಾಯಿ ಬಿಡುವ ಜಾತಿ.

ಹಣ್ಣು ದಪ್ಪ, ಮಿರುಗುವ ಕಪ್ಪು. ಹುಳಿ ಜಾಸ್ತಿ. ಹಾಗೇ ಬಾಯಿಗೆ ಹಾಕಿಕೊಂಡರೆ ಹಲ್ಲು ಜುಮ್ ಅನ್ನುತ್ತದೆ. ಜಾಮ್‌ಗೆ ಹೇಳಿ ಮಾಡಿಸಿದ್ದು. ಸಕ್ಕರೆ ಹಾಕುವ ಮೊದಲೇ ಹಣ್ಣು ಮೆತ್ತಗೆ ಬೇಯಲಿ, ಇಲ್ಲದಿದ್ದರೆ ಸಿಪ್ಪೆ ಚರ್ಮದ ಹಾಗೆ ಅಗಿಯಬೇಕಾಗುತ್ತದೆ. ಗೊಂಚಲು ಹೆಚ್ಚುಕಡಿಮೆ ಒಟ್ಟಿಗೇ ಮಾಗುವುದರಿಂದ ಕತ್ತರಿಯಲ್ಲಿ ಇಡೀ ಗೊಂಚಲನ್ನೇ ತೆಗೆಯಬಹುದು. ಹಳೇ ತಳಿಗಳಲ್ಲಿ ಮೇಲಿನದು ಮಾಗಿ ಉದುರುವಾಗ ತುದಿಯದು ಇನ್ನೂ ಹಸಿರು.

ಕೊರತೆ ಒಂದಿದೆ. ಹಣ್ಣಿನ ಭಾರಕ್ಕೆ ಕೊಂಬೆಗಳು ನೆಲಕ್ಕೆ ಬಾಗುತ್ತವೆ. ಮಳೆ ಬಂದರೆ ಕೆಳಗಿನ ಗೊಂಚಲಿಗೆಲ್ಲ ಕೆಸರು. ಕಾಯಿ ಹಸಿರಿರುವಾಗಲೇ ಸುತ್ತ ಗೂಟ ಹುಗಿದು ಹಗ್ಗ ಕಟ್ಟಿಬಿಡಿ. ಬುಡದಲ್ಲಿ ಗುದ್ದಲಿ ಬೇಡ, ಬೇರು ಮೇಲೇ ಇರುತ್ತದೆ. ಗೊಬ್ಬರ ಹರಡಿದರೆ ಸಾಕು. ಬಲೆಯಂತೂ ಬೇಕೇ ಬೇಕು, ಹಕ್ಕಿಗಳು ನಮಗಿಂತ ಮುಂಚೆ ಏಳುತ್ತವೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಸಸಿ ಮಾತ್ರ ರೋಗವಿಲ್ಲ ಅಂತ ಪ್ರಮಾಣಪತ್ರ ಇರುವ ಕಡೆಯೇ ತಗೊಳ್ಳಿ. ಪರಿಚಯದವರು ಕೊಟ್ಟ ಕಡ್ಡಿಯಾದರೆ ಚಳಿಗಾಲದಲ್ಲಿ ಕಣ್ಣುಗಳನ್ನು ನೋಡಿ. ಚೂಪಾಗಿದ್ದರೆ ಸರಿ. ಗುಂಡಗೆ ಊದಿಕೊಂಡಿದ್ದರೆ ಒಳಗೆ ನುಸಿ ಇದೆ. ಅದು ಹರಡುವ ವೈರಸ್‌ಗೆ ಮದ್ದಿಲ್ಲ, ಗಿಡವನ್ನೇ ಕಿತ್ತು ಸುಡಬೇಕಾಗುತ್ತದೆ.