ಕೂಜಾ ಸಿಮ್ಯುಲೇಟರ್: ಸೆಲ್ ಎಷ್ಟು ದಿನ ಬರುತ್ತದೆ ಎಂಬ ಲೆಕ್ಕಕ್ಕೆ

ತಿಕೋಟಾ ಕಡೆಯ ದ್ರಾಕ್ಷಿ ಪಡಗಳಿಗೆ (ತೋಟಗಳಿಗೆ) ಮಣ್ಣಿನ ತೇವ ಅಳೆಯುವ ವೈರ್‌ಲೆಸ್ ಸೆನ್ಸರ್ ಮಾಡಿಕೊಡುವುದು ನನ್ನ ಕೆಲಸ. ರೈತರು ಮೊದಲು ಕೇಳುವುದೇ "ಸೆಲ್ ಎಷ್ಟ್ ದಿನ ಬರ್ತಾವ್ರೀ?" ಎಂದು. ಸುಮ್ನೆ ಬಾಯಿಗೆ ಬಂದ ಲೆಕ್ಕ ಹೇಳುವುದು ನನಗೆ ಸರಿ ಅನಿಸುವುದಿಲ್ಲ. ಅದಕ್ಕೇ ವಿಜಯಪುರದ ಮನೆಯಲ್ಲಿ ಕೂತು ಮೊದಲು ಕೂಜಾದಲ್ಲಿ, ಅಂದರೆ ಸೆನ್ಸರ್ ಜಾಲವನ್ನು ಕಂಪ್ಯೂಟರ್‌ನಲ್ಲೇ ಓಡಿಸಿ ನೋಡುವ ಸಾಫ್ಟ್‌ವೇರ್‌ನಲ್ಲಿ, ಪರೀಕ್ಷೆ ಮಾಡುತ್ತೇನೆ. ಸಣ್ಣ ವೈರ್‌ಲೆಸ್ ಸಾಧನಗಳ ಆಪರೇಟಿಂಗ್ ಸಿಸ್ಟಂ ಆದ ಕಾಂಟಿಕಿ-ಎನ್‌ಜಿ ಜೊತೆ ಬಳಸುವ ಈ ಸಿಮ್ಯುಲೇಟರ್‌ಗೆ ದುಡ್ಡು ಕೊಡಬೇಕಿಲ್ಲ. ಡಾಕರ್ (ಸಾಫ್ಟ್‌ವೇರನ್ನು ಸಿದ್ಧ ಕಟ್ಟಾಗಿ ತಂದು ಓಡಿಸುವ ಸಾಧನ) ಗೊತ್ತಿದ್ದವರಿಗೆ ಇನ್‌ಸ್ಟಾಲ್ ಕೂಡ ಕಷ್ಟವಿಲ್ಲ.

ನನಗೆ ಇದು ಇಷ್ಟವಾಗಲು ದೊಡ್ಡ ಕಾರಣ ಎನರ್ಜೆಸ್ಟ್, ಅಂದರೆ ಕಾಂಟಿಕಿ-ಎನ್‌ಜಿಯೊಳಗೆ ಸಮಯದ ಲೆಕ್ಕ ಇಡುವ ಭಾಗ. ಪ್ರೊಸೆಸರ್ ಎಷ್ಟು ಹೊತ್ತು ಎಚ್ಚರವಿತ್ತು, ಎಷ್ಟು ಹೊತ್ತು ಮಲಗಿತ್ತು, ರೇಡಿಯೋ ಎಷ್ಟು ಹೊತ್ತು ಕಳಿಸಿತು, ಎಷ್ಟು ಹೊತ್ತು ಕೇಳುತ್ತಾ ಕೂತಿತ್ತು, ಎಲ್ಲವನ್ನೂ ಬೇರೆ ಬೇರೆ ಎಣಿಸಿ ಕೊಡುತ್ತದೆ. ಆ ಸಮಯವನ್ನು ಚಿಪ್‌ನ ಡೇಟಾಶೀಟ್‌ನಲ್ಲಿರುವ ಕರೆಂಟ್‌ನಿಂದ, ಆಮೇಲೆ ವೋಲ್ಟೇಜ್‌ನಿಂದ ಗುಣಿಸಿದರೆ ಖರ್ಚಾದ ಶಕ್ತಿ ಸಿಗುತ್ತದೆ. ಗುಣಾಕಾರ ಮಾತ್ರ ನಾವೇ ಮಾಡಬೇಕು.

ಕೂಜಾದಲ್ಲಿ ಸಿಗುವ ಸ್ಕೈ ಮೋಟ್ ಎಂಬ ಸೆನ್ಸರ್ ಸಾಧನದಲ್ಲಿರುವ ಸಿಸಿ2420 ರೇಡಿಯೋ ನೋಡಿ. ಪೂರ್ತಿ ಪವರ್‌ನಲ್ಲಿ ಕಳಿಸಲು 17.4 ಮಿಲಿಆಂಪ್ ಬೇಕು. ಸುಮ್ಮನೆ ಕೇಳುತ್ತಾ ಕೂರಲು 18.8! ಕಳಿಸುವುದಕ್ಕಿಂತ ಕಾಯುವುದೇ ದುಬಾರಿ. 2500 ಮಿಲಿಆಂಪ್-ಅವರ್ ಸೆಲ್ ಇದ್ದರೂ, ರೇಡಿಯೋ ಸದಾ ಆನ್ ಇಟ್ಟರೆ ಐದೂವರೆ ದಿನಕ್ಕೆ ಖಾಲಿ. ನೂರರಲ್ಲಿ ಒಂದು ಪಾಲು ಸಮಯ ಮಾತ್ರ ಆನ್ ಇಟ್ಟರೆ, ರೇಡಿಯೋ ಖರ್ಚಿನ ಮಟ್ಟಿಗೆ ಒಂದೂವರೆ ವರ್ಷ. ಪ್ರೋಟೋಕಾಲ್ (ರೇಡಿಯೋ ಯಾವಾಗ ಕಳಿಸಬೇಕು, ಕೇಳಬೇಕು ಎಂಬ ನಿಯಮ) ಆಯ್ಕೆ ಎಷ್ಟು ಮುಖ್ಯ ಎಂಬುದಕ್ಕೆ ಇಷ್ಟು ಸಾಕಲ್ವಾ? ಕಾಂಟಿಕಿ-ಎನ್‌ಜಿಯಲ್ಲಿ ಮೊದಲೇ ಇರುವ ಸಿಎಸ್‌ಎಂಎ ಎಂಬ ಪ್ರೋಟೋಕಾಲ್, ರೇಡಿಯೋವನ್ನು ಮಲಗಿಸುವುದಿಲ್ಲ. ಅದನ್ನು ಸಮಯ ಹಂಚಿಕೊಡುವ ಟಿಎಸ್‌ಸಿಎಚ್ ಪ್ರೋಟೋಕಾಲ್‌ಗೆ ಬದಲಿಸಿದರೆ, ಪ್ರತಿ ನೋಡ್ (ಜಾಲದ ಒಂದೊಂದು ಸೆನ್ಸರ್ ಸಾಧನ) ತನ್ನ ಪಾಳಿ ಬಂದಾಗ ಮಾತ್ರ ಏಳುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಓಡಿಸಿ ಎನರ್ಜೆಸ್ಟ್ ಅಂಕಿ ನೋಡಿ. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಕೊರತೆಗಳೂ ಇವೆ. ಪವರ್ ಕಡಿಮೆ ಮಾಡಿ ಕಳಿಸಿದರೂ ಎನರ್ಜೆಸ್ಟ್ ಅದನ್ನು ಬೇರೆ ಎಣಿಸುವುದಿಲ್ಲ. ಅದೇ ರೇಡಿಯೋ ಕನಿಷ್ಠ ಮಟ್ಟದಲ್ಲಿ 8.5 ಮಿಲಿಆಂಪ್ ಮಾತ್ರ ಎಳೆಯುತ್ತದೆ. ಆ ಲೆಕ್ಕ ನಾವೇ ಇಡಬೇಕು. ತೇವದ ಸೆನ್ಸರ್ ಎಳೆಯುವ ಕರೆಂಟ್ ಕೂಡ ಸೇರಿಲ್ಲ. ಸಿಗ್ನಲ್ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ಕೂಜಾ ಲೆಕ್ಕ ಹಾಕುವ ಯುಡಿಜಿಎಂ ಮಾದರಿಯಲ್ಲಿ ಸಿಗ್ನಲ್ ಅಂದರೆ ದುಂಡಗಿನ ಒಂದು ವೃತ್ತ, ಅಷ್ಟೇ. ಚಾಟ್ನಿ (ಬಳ್ಳಿ ಕತ್ತರಿಸುವುದು) ಆದ ಮೇಲೆ ಬೋಳಾಗಿ ನಿಂತ ಪಡಕ್ಕೆ ಅದು ನಡೆದೀತು. ಎಲೆ ತುಂಬಿದಾಗ ಸಿಗ್ನಲ್ ಕುಗ್ಗುತ್ತದೆ, ಪ್ಯಾಕೆಟ್ ಕಳೆದು ಮತ್ತೆ ಮತ್ತೆ ಕಳಿಸಬೇಕಾಗುತ್ತದೆ, ಖರ್ಚು ಏರುತ್ತದೆ. ಅದಕ್ಕೇ ನಾನು ಆರ್‌ಎಕ್ಸ್ ರೇಶಿಯೋ (ಪ್ಯಾಕೆಟ್ ಸರಿಯಾಗಿ ತಲುಪುವ ಪ್ರಮಾಣ) ಇಳಿಸಿ ಇನ್ನೊಮ್ಮೆ ಓಡಿಸುತ್ತೇನೆ. ನೀವೂ ಹಾಗೇ ಮಾಡಿ.

ನಮ್ಮ ಏಪ್ರಿಲ್-ಮೇ ಬಿಸಿಲಂತೂ ಕೂಜಾಕ್ಕೆ ಗೊತ್ತೇ ಇಲ್ಲ. ಬಿಸಿ ಜಾಸ್ತಿಯಾದಷ್ಟೂ ಸೆಲ್ ತಾನಾಗಿಯೇ ಬೇಗ ಇಳಿಯುತ್ತದೆ. ಹಾಗಾಗಿ ರೈತರಿಗೆ ದಿನ ಹೇಳುವ ಮೊದಲು ಒಂದು ನೋಡ್‌ಗೆ ಮೀಟರ್ ಹಚ್ಚಿ ನಿಜವಾದ ಕರೆಂಟ್ ಅಳೆಯಿರಿ. ಸೆಲ್ ಡಬ್ಬಿಯನ್ನು ಬಳ್ಳಿಯ ನೆರಳಿಗೆ ಕಟ್ಟಿ.