ಬೆರಳೋ, ಒಣ ಬ್ರಷ್ಷೋ, ಹಸಿ ಬ್ರಷ್ಷೋ? ಹೊಳೆಯುವ ಪ್ರೆಸ್ಡ್ ಪಿಗ್ಮೆಂಟ್ ಕಣ್ಣಿಗೆ, ಕೆನ್ನೆಗೆ ಹಚ್ಚಿ ನೋಡಿದ ಹೋಲಿಕೆ

ಪ್ರೆಸ್ಡ್ ಪಿಗ್ಮೆಂಟ್ ಅಂದರೆ ಡಬ್ಬಿಯಲ್ಲಿ ಒತ್ತಿ ಕೂರಿಸಿದ ಬಣ್ಣದ ಪುಡಿ. ಫಲಿತಾಂಶ ಮೊದಲು, ಕಾರಣ ಆಮೇಲೆ. ಕಣ್ಣಿನ ಮೇಲ್ರೆಪ್ಪೆಗೆ ಬೆರಳೇ ಗೆದ್ದಿತು, ಅದೂ ದೊಡ್ಡ ಅಂತರದಲ್ಲಿ. ಕೆನ್ನೆಗೆ ಸಡಿಲ ಕೂದಲಿನ ಒಣ ಬ್ರಷ್ ಗೆದ್ದಿತು. ಹಸಿ ಬ್ರಷ್ ಕಣ್ಣಿನ ಮೂಲೆಗೂ ಕೆಳರೆಪ್ಪೆಯ ಅಂಚಿಗೂ ಮಾತ್ರ ಬೇಕಾಯಿತು. ದಪ್ಪ ಚಮ್ಕಿ ಕಣಗಳಿರುವ ಪ್ರೆಸ್ಡ್ ಗ್ಲಿಟರ್ ಅನ್ನು ಕಣ್ಣಿಗಾದರೆ ಅಂಟು ಬೇಸ್ ಮೇಲೆ ಹಚ್ಚಬಹುದು, ಕೆನ್ನೆಗೆ ಅದನ್ನು ನಾನು ಯಾರಿಗೂ ಹಚ್ಚುವುದಿಲ್ಲ.

ಧಾರವಾಡದಲ್ಲಿ ಡಿಸೆಂಬರ್ ಬಂತೆಂದರೆ ಶಾಲೆಗಳ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಶುರು. ಬೇಸಿಗೆ ಬಂತೆಂದರೆ ಲಗ್ನ, ನಡುವೆ ಕುಬಸ, ನಿಶ್ಚಯ. ನಮ್ಮ ಓಣಿಯ ಹುಡುಗಿಯರಿಗೆ, ನೆಂಟರ ಮದುಮಕ್ಕಳಿಗೆ ಮೇಕಪ್ ಮಾಡುವ ಕೆಲಸ ಎಷ್ಟೋ ಕಾಲದಿಂದ ನನ್ನದೇ. "ಅಕ್ಕಾ, ಡಬ್ಬಿಯೊಳಗ ಇಷ್ಟ್ ಮಿಂಚತೈತಿ, ಕಣ್ಣಿಗೆ ಹಚ್ಚಿದ್ರ ಎಲ್ಲಿ ಹೋಗತೈತ್ರಿ?" ಅಂತ ಅವರೆಲ್ಲ ಕೇಳುವ ಪ್ರಶ್ನೆ ಒಂದೇ. ಅದಕ್ಕೆ ಸರಿಯಾದ ಉತ್ತರ ಬೇಕಿತ್ತು. ಹಾಗಾಗಿ ಎಡಗಣ್ಣಿಗೆ ಒಂದು ವಿಧಾನ, ಬಲಗಣ್ಣಿಗೆ ಇನ್ನೊಂದು. ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಮತ್ತೊಂದು. ಹಾಗೇ ಹಚ್ಚಿಕೊಂಡು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ, ದುರ್ಗದಬೈಲಿನ ಜನಜಂಗುಳಿಯಲ್ಲಿ ತಿರುಗಾಡಿ, ಬಿಸಿಲು, ಬೆವರು, ಹುಬ್ಬಳ್ಳಿಯ ಧೂಳು ಎಲ್ಲವನ್ನೂ ತಾಗಿಸಿಕೊಂಡು ಮನೆಗೆ ಬಂದು ಕನ್ನಡಿ ನೋಡಿಕೊಳ್ಳುತ್ತಿದ್ದೆ. ಏರ್ ಕಂಡೀಷನ್ ಕೋಣೆಯಲ್ಲಿ ಕೂತು ಪರೀಕ್ಷಿಸಿದ ಮೇಕಪ್ ನಮ್ಮ ಕಲ್ಯಾಣಮಂಟಪಗಳಲ್ಲಿ ನಿಲ್ಲುವುದಿಲ್ಲ.

ಹೊಳಪು ಬರುವುದು ಎಲ್ಲಿಂದ ಎಂದು ತಿಳಿದರೆ ಮುಂದಿನದೆಲ್ಲ ಸುಲಭ. ಶಿಮ್ಮರ್, ಅಂದರೆ ಸಣ್ಣ ಕಣದ ಹೊಳಪು ಪುಡಿ, ಅದರ ಡಬ್ಬಿಯೊಳಗೆ ಇರುವುದು ಬಹುಪಾಲು ಕಾಗೆಬಂಗಾರ, ಅಂದರೆ ಅಭ್ರಕದ ತೆಳು ಚಕ್ಕೆಗಳು. ಅವುಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಅತಿ ತೆಳುವಾದ ಲೇಪ ಇರುತ್ತದೆ. ಆ ಲೇಪ ತೀರಾ ತೆಳುವಾಗಿದ್ದರೆ ಬೆಳ್ಳಿ ಬಣ್ಣ, ಸ್ವಲ್ಪ ದಪ್ಪವಾದರೆ ಬಂಗಾರ, ಇನ್ನೂ ದಪ್ಪವಾದಂತೆ ಕೆಂಪು, ನೀಲಿ, ಹಸಿರು. ಕಬ್ಬಿಣದ ಆಕ್ಸೈಡ್ ಲೇಪಿಸಿದರೆ ತಾಮ್ರ, ಕಂಚು. ಕಣ ಸಣ್ಣದಿದ್ದಷ್ಟೂ ರೇಷ್ಮೆಯಂಥ ಹೊಳಪು, ದೊಡ್ಡದಾದಷ್ಟೂ ಚುಕ್ಕಿ ಚುಕ್ಕಿ ಮಿನುಗು. 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಆಸುಪಾಸಿನದು ನುಣುಪಾಗಿ ಕಾಣುತ್ತದೆ, 100 ದಾಟಿದರೆ ಒಂದೊಂದು ಕಣವೂ ಬೇರೆಬೇರೆಯಾಗಿ ಕಾಣುತ್ತದೆ. ಪ್ರೆಸ್ಡ್ ಗ್ಲಿಟರ್‌ನಲ್ಲಿ ಇರುವುದು ಹೆಚ್ಚಾಗಿ ಅಭ್ರಕವಲ್ಲ, ಪಿಇಟಿ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿದ ಚೂರುಗಳು. ಅವನ್ನು ಜಿಗುಟಾದ ಜೆಲ್ ಅಥವಾ ಸಿಲಿಕೋನ್ ಹಿಡಿದಿಟ್ಟಿರುತ್ತದೆ.

ಈ ಚಕ್ಕೆಗಳು ಮನೆಯ ಹಂಚಿನಂತೆ ಒಂದರ ಮೇಲೊಂದು ಚಪ್ಪಟೆಯಾಗಿ ಮಲಗಿದರೆ ಬೆಳಕು ಒಂದೇ ದಿಕ್ಕಿಗೆ ಹೊಮ್ಮುತ್ತದೆ, ಮಿಂಚುತ್ತದೆ. ಅಡ್ಡಾದಿಡ್ಡಿ ನಿಂತರೆ ಬೆಳಕು ಚದುರಿ ಮಂಕಾಗುತ್ತದೆ. ಡಬ್ಬಿಯಲ್ಲಿ ಅವನ್ನು ಯಂತ್ರ ಒತ್ತಿ ಮಲಗಿಸಿರುತ್ತದೆ. ಮುಖದ ಮೇಲೆ ಆ ಕೆಲಸ ನಾವು ಮಾಡಬೇಕು.

ಬೆರಳು ಗೆಲ್ಲುವುದು ಇದೇ ಕಾರಣಕ್ಕೆ. ಉಂಗುರದ ಬೆರಳಿನ ತುದಿಯನ್ನು ಡಬ್ಬಿಯ ಮೇಲೆ ಮೆಲ್ಲಗೆ ಹೊರಳಿಸಿ, ರೆಪ್ಪೆಯ ನಡುಭಾಗಕ್ಕೆ ಇಟ್ಟು ಒತ್ತಿ ಎತ್ತಬೇಕು. ಎಳೆಯಬಾರದು, ತಿಕ್ಕಬಾರದು. ಬೆರಳಿನ ಬಿಸಿಗೆ, ಚರ್ಮದ ತುಸು ಜಿಡ್ಡಿಗೆ ಪುಡಿಯನ್ನು ಹಿಡಿದಿಟ್ಟ ಅಂಟು (ಬೈಂಡರ್) ಮೆತ್ತಗಾಗಿ ಚಕ್ಕೆಗಳು ಒತ್ತಾಗಿ ಕೂರುತ್ತವೆ. ಮಧ್ಯಾಹ್ನದ ಊಟದ ಪಂಕ್ತಿ ಏಳುವ ಹೊತ್ತಿಗೂ ಬೆರಳಿನಲ್ಲಿ ಹಚ್ಚಿದ ಕಣ್ಣು ಮುಂಜಾನೆ ಇದ್ದ ಹಾಗೇ ಇತ್ತು. ಒಣ ಬ್ರಷ್‌ನ ಕಣ್ಣು ಆ ಹೊತ್ತಿಗೆ ಅರ್ಧ ಬಣ್ಣವನ್ನು ಕಣ್ಣಿನ ಕೆಳಗೆ ಇಳಿಸಿತ್ತು. ಬ್ರಷ್ ಆಡಿಸಿದಾಗ ಚಕ್ಕೆಗಳು ಎದ್ದು ಹಾರುತ್ತವೆ, ಉಳಿದವೂ ಓರೆಯಾಗಿ ನಿಲ್ಲುತ್ತವೆ. ಮೆತ್ತನೆಯ, ಉದ್ದ ಕೂದಲಿನ ಬ್ರಷ್ ಆದರಂತೂ ಇನ್ನೂ ಕಡೆ. ಬ್ರಷ್ಷೇ ಬೇಕೆಂದರೆ ಚಪ್ಪಟೆಯಾದ, ಗಿಡ್ಡ, ಒತ್ತಾದ ಸಿಂಥೆಟಿಕ್ ಕೂದಲಿನದು ತಗೊಂಡು ಬೆರಳಿನ ಹಾಗೆಯೇ ಒತ್ತಿ ಒತ್ತಿ ಇಡಿ. ಡಬ್ಬಿಯ ಜೊತೆ ಬರುವ ಸ್ಪಂಜಿನ ಕಡ್ಡಿ ಇದಕ್ಕಿಂತ ತುಸು ವಾಸಿ, ಆದರೆ ಅದನ್ನು ತೊಳೆದು ಒಣಗಿಸುವುದು ಕಷ್ಟ. ಇಬ್ಬರಿಗೆ ಅದೇ ಕಡ್ಡಿ ಬಳಸುವುದು ಕಣ್ಣಿಗೆ ಒಳ್ಳೆಯದಲ್ಲ.

ಹಸಿ ಬ್ರಷ್‌ನ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಹಚ್ಚಿದ ಕ್ಷಣದಲ್ಲಿ ಅದರಷ್ಟು ಝಗಮಗ ಬೇರೆ ಯಾವುದೂ ಇಲ್ಲ. ನೀರು ಚಕ್ಕೆಗಳನ್ನು ಪದರದ ಹಾಗೆ ಹಾಸುತ್ತದೆ. ಆದರೆ ಬರೀ ನೀರಾದರೆ ಆರಿದ ಮೇಲೆ ಹಿಡಿದಿಡಲು ಏನೂ ಉಳಿಯುವುದಿಲ್ಲ, ಬಸ್ಸು ನವಲಗುಂದ ರಸ್ತೆಯ ಕುಲುಕಾಟ ಕೊಟ್ಟರೆ ಸಾಕು, ಉದುರತೊಡಗುತ್ತದೆ. ನೀರಿನ ಬದಲು ಮೇಕಪ್ ಕದಲದಂತೆ ಹೊಡೆಯುವ ಸೆಟಿಂಗ್ ಸ್ಪ್ರೇ ಹಾಕಿದರೆ ಅದರೊಳಗಿನ ಪದರ ಕಟ್ಟುವ ಪದಾರ್ಥ ಹಿಡಿತ ಕೊಡುತ್ತದೆ, ಆಗ ಬೆರಳಿಗೆ ಹತ್ತಿರ ಬರುತ್ತದೆ. ಸ್ಪ್ರೇಯನ್ನು ಡಬ್ಬಿಯ ಮೇಲೆ ಹೊಡೆಯಬೇಡಿ. ಮೊದಲು ಬ್ರಷ್‌ಗೆ ಪುಡಿ ತಗೊಂಡು, ಆಮೇಲೆ ಬ್ರಷ್‌ಗೆ ಒಂದು ಸಲ ಹೊಡೆಯಿರಿ. ಡಬ್ಬಿಗೆ ತೇವ ತಾಗಿದರೆ ಮೇಲೆ ಗಟ್ಟಿ ಹೊಳಪು ಪದರ ಕಟ್ಟಿ, ಮುಂದೆ ಬಣ್ಣವೇ ಏಳುವುದಿಲ್ಲ. ಹಾಗೆ ಆಗಿದ್ದರೆ ಸೆಲೋಟೇಪ್ ಒತ್ತಿ ಆ ಪದರ ಎಬ್ಬಿಸಬಹುದು. ಕಣ್ಣಿನ ಒಳಮೂಲೆಗೆ ಬೆರಳು ಹೋಗುವುದಿಲ್ಲ. ಅಲ್ಲಿ, ಕೆಳರೆಪ್ಪೆಯ ಅಂಚಿನಲ್ಲಿ, ಸ್ಪ್ರೇ ತಾಗಿಸಿದ ಸಣ್ಣ ಬ್ರಷ್ ಬಿಟ್ಟರೆ ದಾರಿಯಿಲ್ಲ.

ಅಡಿಗೆ ಏನು ಹಚ್ಚುತ್ತೀರಿ ಎನ್ನುವುದು ಸಲಕರಣೆಯಷ್ಟೇ ಮುಖ್ಯ. ಮನೆಯಲ್ಲಿ ಎಲ್ಲರೂ ಮೊದಲು ಕೈ ಹಾಕುವುದು ವ್ಯಾಸಲೀನಿಗೆ, ಮತ್ತೆ ಅಲೋವೆರಾ ಜೆಲ್ಲಿಗೆ. ಪೆಟ್ರೋಲಿಯಂ ಜೆಲ್ಲಿ ಎಂದೂ ಒಣಗುವುದಿಲ್ಲ, ಕಣ್ಣು ಮಿಟುಕಿಸಿದ ಹಾಗೆಲ್ಲ ಬಣ್ಣ ಜಾರಿ ರೆಪ್ಪೆಯ ಮಡಿಕೆಯಲ್ಲಿ ಗೆರೆಯಾಗಿ ಸೇರಿಕೊಳ್ಳುತ್ತದೆ. ಅಲೋವೆರಾ ಒಣಗಿ ಬಿರಿಯುತ್ತದೆ. ಒಂದು ಹಾಡಿನ ಕುಣಿತಕ್ಕೆ ಸಾಕು, ಲಗ್ನಕ್ಕೆ ಸಾಲದು. ಕಲೆ ಮುಚ್ಚುವ ಕ್ರೀಮ್ ಆದ ಕನ್ಸೀಲರ್ ತೆಳ್ಳಗೆ ಹಚ್ಚಿ, ಅದರ ಮೇಲೆ ಪೌಡರ್ ಹಾಕದೆ, ತುಸು ಅಂಟಂಟಾಗಿ ಇರುವಾಗಲೇ ಶಿಮ್ಮರ್ ಒತ್ತಿದರೆ ಚೆನ್ನಾಗಿ ನಿಲ್ಲುತ್ತದೆ. ದಿನನಿತ್ಯದ ಕೆಲಸಕ್ಕೆ ಇದೇ ನನ್ನ ಆಯ್ಕೆ. ದಪ್ಪ ಗ್ಲಿಟರ್ ಹಿಡಿದಿಡುವ ಶಕ್ತಿ ಮಾತ್ರ ಕನ್ಸೀಲರ್‌ಗೆ ಇಲ್ಲ, ಅದಕ್ಕೆ ಗ್ಲಿಟರ್ ಪ್ರೈಮರೇ, ಅಂದರೆ ಚಮ್ಕಿಗೆಂದೇ ಇರುವ ಅಂಟು ಬೇಸೇ ಬೇಕು. ಅಕ್ಕಿಕಾಳಿನಷ್ಟು ತಗೊಂಡು, ತೆಳ್ಳಗೆ ಹರಡಿ, ಅರ್ಧ ನಿಮಿಷ ಬಿಟ್ಟು, ಬೆರಳಿಗೆ ಜಿಗುಟು ತಾಗುವ ಹಂತದಲ್ಲಿ ಒತ್ತಬೇಕು. ಕೃತಕ ರೆಪ್ಪೆಗೂದಲಿಗೆ ಬಳಸುವ ಗೋಂದನ್ನು ಇದಕ್ಕೆ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದು ಒಣಗಿ ಚರ್ಮ ಎಳೆಯುತ್ತದೆ, ಕೆಲವದರಲ್ಲಿ ಲ್ಯಾಟೆಕ್ಸ್ ಇರುತ್ತದೆ, ಅದು ಕೆಲವರಿಗೆ ಅಲರ್ಜಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗಣಪತಿ ಮಂಟಪದ ಅಲಂಕಾರಕ್ಕೆ, ಮಕ್ಕಳ ಪ್ರಾಜೆಕ್ಟಿಗೆ ಸಿಗುವ ಬಿಡಿ ಚಮ್ಕಿ ಪುಡಿಯನ್ನು ನಾನು ಈ ಹೋಲಿಕೆಯಲ್ಲೇ ಸೇರಿಸಿಲ್ಲ, ಸೇರಿಸುವುದೂ ಇಲ್ಲ. ಅಗ್ಗ ನಿಜ. ಆದರೆ ಅದರ ಅಂಚುಗಳು ಚೂಪು, ಕಣ್ಣಿನೊಳಗೆ ಹೋದರೆ ಕಾರ್ನಿಯಾ, ಅಂದರೆ ಕಣ್ಣುಗುಡ್ಡೆಯ ಮುಂದಿನ ಪಾರದರ್ಶಕ ಪದರ, ಗೀರಬಹುದು. ಗ್ಯಾದರಿಂಗಿನ ಗಡಿಬಿಡಿಯಲ್ಲಿ "ಎರಡ್ ತಾಸಿಂದೇನ್ ಬಿಡ್ರಿ" ಅನ್ನುವವರಿಗೆ ನನ್ನ ಉತ್ತರ ಬದಲಾಗುವುದಿಲ್ಲ. ಯುರೋಪ್ ಒಕ್ಕೂಟ ಇಂಥ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟವನ್ನು ಪರಿಸರದ ಕಾರಣಕ್ಕೆ 2023ರ ಅಕ್ಟೋಬರ್‌ನಿಂದ ತಡೆಯಿತು. ಪ್ಲಾಸ್ಟಿಕ್ ಬೇಡ ಎನ್ನುವವರು ಸಿಂಥೆಟಿಕ್ ಅಭ್ರಕದ ಡಬ್ಬಿ ಹುಡುಕಬಹುದು, ಪದಾರ್ಥಗಳ ಪಟ್ಟಿಯಲ್ಲಿ ಅದರ ಹೆಸರು ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್. ಝಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಕಡೆಯ ಅಭ್ರಕ ಗಣಿಗಳಲ್ಲಿ ಮಕ್ಕಳು ದುಡಿಯುತ್ತಿದ್ದ ಸುದ್ದಿ ಓದಿದ ಮೇಲೆ ನಾನೂ ಸಿಂಥೆಟಿಕ್ ಅಭ್ರಕದ ಕಡೆಗೇ ವಾಲಿದ್ದೇನೆ. ಹೊಳಪಿನಲ್ಲಿ ಅದು ಒಂದು ಕೈ ಮೇಲೆಯೇ ಇದೆ, ಅಭ್ರಕಕ್ಕಿಂತ ಹೆಚ್ಚು ತಿಳಿಯಾದದ್ದು.

ನನಗೆ ಅತಿ ಸಂತೋಷ ಕೊಟ್ಟ ಭಾಗ ಬಣ್ಣದ್ದು. ಅಂಗಡಿಯಲ್ಲಿ ಗೋಧಿ ಬಣ್ಣದ, ಎಣ್ಣೆಗಪ್ಪಿನ ಹುಡುಗಿಯರಿಗೆ "ನಿಮಗೆ ಗ್ಲಿಟರ್ ಒಪ್ಪೂದಿಲ್ಲ" ಎಂದು ಹೇಳಿ ಕಳಿಸುವುದನ್ನು ಕೇಳಿ ಬಹಳ ಬೇಸರವಾಗಿದೆ, ಯಾಕೆಂದರೆ ಸತ್ಯ ಪೂರ್ತಿ ಉಲ್ಟಾ. ಕೋನ ಬದಲಾದಂತೆ ಬಣ್ಣ ಬದಲಿಸುವ ಡ್ಯುಯೊಕ್ರೋಮ್ ಬಣ್ಣಗಳು ತಿಳಿ ಹಿನ್ನೆಲೆಯಲ್ಲಿ ಮಂಕಾಗುತ್ತವೆ. ಚಕ್ಕೆಯ ಮೂಲಕ ತೂರಿಹೋದ ಬೆಳಕು ಬಿಳಿ ಚರ್ಮಕ್ಕೆ ಬಡಿದು ವಾಪಸ್ ಬಂದು ಬಣ್ಣವನ್ನು ಕಲಸಿಬಿಡುತ್ತದೆ. ಕಪ್ಪು ಹಿನ್ನೆಲೆ ಆ ಬೆಳಕನ್ನು ಹೀರಿಕೊಳ್ಳುತ್ತದೆ, ಚಕ್ಕೆಯ ಬಣ್ಣ ಮಾತ್ರ ಉಳಿಯುತ್ತದೆ. ಅದಕ್ಕೇ ರೆಪ್ಪೆಗೆ ಮೊದಲು ಕಾಡಿಗೆ ಪೆನ್ಸಿಲ್ ಹಚ್ಚಿ ಬೆರಳಲ್ಲಿ ಮಸುಕು ಮಾಡಿ, ಅದರ ಮೇಲೆ ಹಸಿರು-ನೇರಳೆ ಡ್ಯುಯೊಕ್ರೋಮ್ ಒತ್ತಿ ನೋಡಿ. ಹಸಿರು ಇಳಕಲ್ ಸೀರೆಯ ಜೊತೆ ಇದನ್ನು ಹಚ್ಚಿದಾಗ ನನ್ನ ತಂಗಿ ಕನ್ನಡಿ ಬಿಟ್ಟು ಏಳಲಿಲ್ಲ. ಪಕ್ಕದ ಕಣ್ಣಿಗೆ ಕಾಡಿಗೆಯಿಲ್ಲದೆ ಹಚ್ಚಿದ್ದ ಅದೇ ಬಣ್ಣ ಬೂದಿ ಬಳಿದಂತಿತ್ತು. ಬೆಳ್ಳಿ, ತಿಳಿಗುಲಾಬಿ ಶಿಮ್ಮರ್ ನಮ್ಮ ಮೈಬಣ್ಣದ ಮೇಲೆ ಬೂದಿಯಾಗುವುದು ಹೆಚ್ಚು. ತಾಮ್ರ, ಕಂಚು, ಹಳೆ ಬಂಗಾರ, ನೇರಳೆಹಣ್ಣಿನ ಬಣ್ಣ ನಿಶ್ಚಿಂತೆಯಿಂದ ಹಚ್ಚಿ.

ಕೆನ್ನೆಯ ಲೆಕ್ಕ ಬೇರೆ. ಅಲ್ಲಿ ಮಡಿಕೆಯಿಲ್ಲ, ಆದರೆ ರಂಧ್ರಗಳಿವೆ, ಸಣ್ಣ ರೋಮವಿದೆ, ಬೆವರಿದೆ. ಬೆರಳಲ್ಲಿ ಒತ್ತಿದರೆ ಒಂದೇ ಕಡೆ ಅಚ್ಚು ಬೀಳುತ್ತದೆ, ಪ್ರತಿ ರಂಧ್ರವೂ ಎದ್ದು ಕಾಣುತ್ತದೆ. ಲಗ್ನದ ವಿಡಿಯೋದವರ ಲೈಟ್ ಬಿದ್ದಾಗಂತೂ ಅದು ಎಣ್ಣೆ ಸುರಿದ ಹಾಗೆ ಕಾಣುತ್ತದೆ. ಕೆನ್ನೆಗೆ ಬೇಕಾದದ್ದು ನುಣುಪು ಕಣದ ಶಿಮ್ಮರ್, ಅದನ್ನೂ ಸಡಿಲ ಕೂದಲಿನ ಸಣ್ಣ ಬ್ರಷ್‌ನಲ್ಲಿ ತಗೊಂಡು, ಒಮ್ಮೆ ಕೊಡವಿ, ನಕ್ಕಾಗ ಉಬ್ಬುವ ಭಾಗಕ್ಕಲ್ಲ, ಅದರ ಮೇಲಿನ ಮೂಳೆಯ ಏಣಿನಿಂದ ಕಣತಲೆಯ ಕಡೆಗೆ ಎಳೆಯಬೇಕು. ಬ್ರಷ್ ಚಕ್ಕೆಗಳನ್ನು ಚದುರಿಸುವ ಗುಣ, ಕಣ್ಣಿಗೆ ದೋಷವಾದದ್ದು, ಇಲ್ಲಿ ವರ. ಮೂಗಿನ ಪಕ್ಕಕ್ಕೆ ತರಬೇಡಿ. ಅಡಿಯಲ್ಲಿ ಕ್ರೀಮ್ ಬ್ಲಷ್ ಇದ್ದರೆ ಪುಡಿ ಅದರ ಮೇಲೆ ಹಿಡಿದು ನಿಲ್ಲುತ್ತದೆ. ಬರೀ ಕಾಂಪ್ಯಾಕ್ಟ್ ಪೌಡರ್ ಮೇಲೆ ಹಚ್ಚಿದ್ದು ಬೇಗ ಮಾಯ. ಕೆನ್ನೆಗೆ ಗ್ಲಿಟರ್ ಅಂಟು ಹಚ್ಚಿದರೆ ಆ ಜಿಗುಟಿಗೆ ಹುಬ್ಬಳ್ಳಿಯ ಧೂಳೆಲ್ಲ ಬಂದು ಕೂರುತ್ತದೆ. ದಪ್ಪ ಚಮ್ಕಿಯಂತೂ ಬೆವರಿನ ಜೊತೆ ಹರಿದು, ಕರವಸ್ತ್ರಕ್ಕೆ ಹತ್ತಿ, ಅಲ್ಲಿಂದ ಕಣ್ಣಿಗೆ ಸೇರುತ್ತದೆ.

ಒಂದೇ ಡಬ್ಬಿಯನ್ನು ಎರಡೂ ಕಡೆ ಬಳಸುವ ಮೊದಲು ಅದರ ಹಿಂಭಾಗ ಓದಿ. ಹಲವು ಪ್ಯಾಲೆಟ್‌ಗಳಲ್ಲಿ ಐಶ್ಯಾಡೋ ಎನ್ನದೆ ಪ್ರೆಸ್ಡ್ ಪಿಗ್ಮೆಂಟ್ ಎಂದು ಬರೆದಿರಲು ಕಾರಣವಿದೆ: ನಿಯಾನ್ ಗುಲಾಬಿ, ಕೆಲವು ಕೆಂಪು, ನೇರಳೆ ಬಣ್ಣಗಳಿಗೆ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಣ್ಣಿನ ಸುತ್ತ ಹಚ್ಚಲು ಒಪ್ಪಿಗೆ ಕೊಟ್ಟಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಸಿಐ 15850, ಸಿಐ 45410 ಎಂಬ ಬಣ್ಣದ ಗುರುತು ಸಂಖ್ಯೆ ಕಂಡರೆ ಅದನ್ನು ನಾನು ಕೆನ್ನೆಗೆ ಮೀಸಲಿಡುತ್ತೇನೆ. ಸಿಐ 77019 ಅಭ್ರಕ, 77891 ಟೈಟಾನಿಯಂ ಡೈಆಕ್ಸೈಡ್, 77491 ಕೆಂಪು ಕಬ್ಬಿಣದ ಆಕ್ಸೈಡ್. ಇವು ಕಣ್ಣಿಗೂ ನಡೆಯುತ್ತವೆ. ತಯಾರಿಕೆಯ ಲೈಸೆನ್ಸ್ ಸಂಖ್ಯೆ, ಬ್ಯಾಚ್, ಅವಧಿ ಮುಗಿಯುವ ತಿಂಗಳು ಇಲ್ಲದ ಡಬ್ಬಿಯನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬನ್ನಿ.

ಕ್ರಮದ ಬಗ್ಗೆ ಎರಡು ಮಾತು. ಮೊದಲು ಕಣ್ಣು, ಆಮೇಲೆ ಫೌಂಡೇಶನ್. ಉದುರಿದ್ದನ್ನು ಒರೆಸಿ ಮುಖಕ್ಕೆ ಹೋಗಬಹುದು. ಉಳಿದ ಕಣಗಳನ್ನು ಸೆಲೋಟೇಪನ್ನು ಮೊದಲು ಕೈಮೇಲೆ ಒತ್ತಿ ಅಂಟು ಕಡಿಮೆ ಮಾಡಿಕೊಂಡು ಮೆಲ್ಲಗೆ ಎತ್ತಿ. ಲೆನ್ಸ್ ಹಾಕುವವರು ಮೇಕಪ್‌ಗೆ ಮೊದಲೇ ಹಾಕಿಕೊಳ್ಳಬೇಕು, ಮೇಕಪ್ ತೆಗೆಯುವ ಮೊದಲು ಲೆನ್ಸ್ ತೆಗೆಯಬೇಕು. ತೆಗೆಯುವಾಗ ಹತ್ತಿಗೆ ಕೊಬ್ಬರಿ ಎಣ್ಣೆ ಅಥವಾ ಕ್ಲೆನ್ಸಿಂಗ್ ಬಾಮ್ ಹಚ್ಚಿ, ಮುಚ್ಚಿದ ರೆಪ್ಪೆಯ ಮೇಲೆ ತುಸು ಹೊತ್ತು ಒತ್ತಿ ಹಿಡಿದು, ಕೆಳಮುಖವಾಗಿ ಒಮ್ಮೆ ಎಳೆಯಿರಿ. ಮೈಸೆಲ್ಲಾರ್ ನೀರು ಶಿಮ್ಮರ್‌ಗೆ ಸಾಕು, ಗ್ಲಿಟರ್ ಪ್ರೈಮರನ್ನು ಕರಗಿಸಲು ಎಣ್ಣೆಯೇ ಬೇಕು.

ಗ್ಯಾದರಿಂಗಿನ ಸಣ್ಣ ಮಕ್ಕಳಿಗೆ ಮಾತ್ರ ಇದರಲ್ಲಿ ಅರ್ಧಕ್ಕರ್ಧ ಬಿಟ್ಟುಬಿಡುತ್ತೇನೆ. ಅವರು ಕಣ್ಣು ತಿಕ್ಕದೆ ಇರುವುದಿಲ್ಲ. ನುಣುಪು ಬಂಗಾರದ ಶಿಮ್ಮರ್ ಅನ್ನು ರೆಪ್ಪೆಯ ನಡುವೆ ತೊಳೆದ ಬೆರಳಲ್ಲಿ ಒಂದು ಸಲ ಒತ್ತುವುದು, ಕೆನ್ನೆಗೆ ಒಣ ಬ್ರಷ್‌ನಲ್ಲಿ ಒಂದು ಎಳೆ; ಅಂಟು ಇಲ್ಲ, ಚಮ್ಕಿ ಇಲ್ಲ. ಸ್ಟೇಜಿನ ದೀಪಕ್ಕೆ ಅಷ್ಟೇ ಬೇಕಾದಷ್ಟು ಮಿಂಚುತ್ತದೆ.