ಕರಿ ನಾಯಿಯ ಓಟಕ್ಕೆ ಕ್ಯಾನನ್ 55-250 ಎಸ್‌ಟಿಎಂ ಲೆನ್ಸ್: ಮೂರು ವರ್ಷ ಬಳಸಿದ ಮೇಲೆ

ನಮ್ಮ ನಾಯಿಯ ಹೆಸರು ಬಿದರಿ. ಮೈಯೆಲ್ಲ ಕಪ್ಪು, ಎದೆಯ ಮೇಲೆ ಮಾತ್ರ ಅಂಗೈ ಅಗಲದ ಬಿಳಿ ಮಚ್ಚೆ. ಬೀದರ್‌ನವರಿಗೆ ಈ ಹೆಸರು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗೆ ಮಾತ್ರ ಒಂದು ಮಾತು. ಬಿದರಿ ಸಾಮಾನು ಮಾಡುವವರು ಸತು, ತಾಮ್ರ ಬೆರೆಸಿದ ಎರಕದಲ್ಲಿ ಬೆಳ್ಳಿ ಕೂರಿಸುತ್ತಾರೆ. ಆಮೇಲೆ ಕೋಟೆಯ ಹಳೇ ಮಣ್ಣು, ನವಸಾಗರ ಸೇರಿಸಿ ಅದಕ್ಕೆ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನಮ್ಮದು ಬೀದಿಯಿಂದ ಬಂದ ಮರಿ, ಆದರೂ ಅದರ ಎದೆ ನೋಡಿದರೆ ಯಾರೋ ಕೂತು ಬೆಳ್ಳಿ ಕೂರಿಸಿದ ಹಾಗೇ ಇದೆ.

ಲೆನ್ಸ್ ವಿಮರ್ಶೆಯಲ್ಲಿ ನಾಯಿಯ ಮಚ್ಚೆ ಯಾಕೆ ಅಂತ ಕೇಳಬೇಡಿ. ಈ ಲೆನ್ಸ್ ಕೆಲಸ ಮಾಡಲು ಶುರು ಮಾಡಿದ್ದೇ ಆ ಮಚ್ಚೆಯಿಂದ.

ನನ್ನ ಕ್ಯಾಮೆರಾ ಕ್ಯಾನನ್ 200ಡಿ. 2017ರಲ್ಲಿ ಬಂದ ಮಾಡೆಲ್, 24 ಮೆಗಾಪಿಕ್ಸೆಲ್. ಅದರ ಜೊತೆ ಬಂದ 18-55 ಲೆನ್ಸ್ (ಈ ಅಂಕಿಗಳು ಎಂಎಂ ಲೆಕ್ಕದ ಫೋಕಲ್ ಲೆಂತ್, ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಮನೆಯೊಳಗೆ ಸಾಕು, ಹೊಲದಲ್ಲಿ ಓಡುವ ನಾಯಿ ಅದರಲ್ಲಿ ಇರುವೆಯಷ್ಟು ಕಾಣುತ್ತದೆ. ಹಾಗಾಗಿ ಹೈದರಾಬಾದ್‌ಗೆ ಹೋದಾಗ 55-250 ಎಸ್‌ಟಿಎಂ ಸೆಕೆಂಡ್ ಹ್ಯಾಂಡ್ ತಂದೆ. 2013ರ ಲೆನ್ಸ್ ಇದು, ಎಸ್‌ಟಿಎಂ ಅನ್ನುವುದು ಅದರೊಳಗಿನ ಫೋಕಸ್ ಮೋಟಾರ್‌ನ ಬಗೆ. ತೂಕ ಬರೀ 375 ಗ್ರಾಂ. 200ಡಿ ಸೆನ್ಸರ್ ಚಿಕ್ಕದು, ಅದಕ್ಕೆ 250ರಲ್ಲಿ ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದ 400 ಎಂಎಂನಷ್ಟು ಹತ್ತಿರ ಕಾಣುತ್ತದೆ. ಕ್ಯಾಮೆರಾ ಸೇರಿ ಒಂದು ಕೆಜಿಯೊಳಗೇ ಆಯಿತು. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಹೊಲಕ್ಕೆ ನಡೆಯುವವರಿಗೆ ಇದು ಸಣ್ಣ ವಿಷಯ ಅಲ್ಲ.

ನಾವು ಹೋಗುವುದು ಅಷ್ಟೂರು ಕಡೆ. ಬಹಮನಿ ಸುಲ್ತಾನರ ಗೋರಿಗಳ ಆವರಣಕ್ಕೆ ನಾಯಿಯನ್ನು ಒಯ್ಯುವುದಿಲ್ಲ. ಅದಕ್ಕಿಂತ ಈಚೆ, ಪರಿಚಯದವರ ಹೊಲ ಇದೆ. ಸೋಯಾ ರಾಶಿ ಆದ ಮೇಲೆ ಹೊಲ ಖಾಲಿ, ಓಡಲು ಬೇಕಾದಷ್ಟು ಜಾಗ. ಮೊದಲ ವರ್ಷ ಹೊಲದ ನಡುವೆಯೇ ಓಡಿಸಿದೆ. ಸೋಯಾ ಕೂಳೆ ಕಾಲಿಗೆ ಚುಚ್ಚಿ ನಾಯಿ ಕುಂಟಿತು. ಈಗ ಬದುವಿನ ಪಕ್ಕದ ಬಂಡಿ ದಾರಿಯೇ ನಮ್ಮ ಸ್ಟುಡಿಯೋ. ಅಣ್ಣನ ಮಗ ಆ ತುದಿಯಲ್ಲಿ ಹಗ್ಗ ಬಿಡುತ್ತಾನೆ, ಈ ತುದಿಯಲ್ಲಿ ನನ್ನ ಹೆಂಡತಿ ಜೋಳದ ರೊಟ್ಟಿ ಚೂರು ಹಿಡಿದು ಕೂಗುತ್ತಾಳೆ. ಪಕ್ಕದಲ್ಲಿ ನಾನು ನೆಲಕ್ಕೆ ಕೂತಿರುತ್ತೇನೆ. ನಿಂತು ತೆಗೆದರೆ ನಾಯಿಯ ಬೆನ್ನು ಮಾತ್ರ ಬರುತ್ತದೆ, ಅದರ ಕಣ್ಣಿನ ಮಟ್ಟಕ್ಕೆ ಇಳಿಯಲೇಬೇಕು.

ಮೊದಲ ಎರಡು ವರ್ಷ ನೂರು ಫೋಟೋ ತೆಗೆದರೆ ಐದಾರು ಸರಿ ಬರುತ್ತಿದ್ದವು. ಉಳಿದವುಗಳಲ್ಲಿ ಹಿಂದಿನ ಹುಲ್ಲು ಚೂಪಾಗಿ ಕಾಣುತ್ತಿತ್ತು, ಮುಂದೆ ಕರಿ ಹೊಗೆಯಂಥದ್ದು ಏನೋ ಹಾರುತ್ತಿತ್ತು. "ಕಾಕಾ, ಹುಲ್ಲು ಭಾಳ ಛಂದ ಬಂದದ" ಅಂತ ಅಣ್ಣನ ಮಗ ಹೇಳಿದಾಗ ಅವನಿಗೆ ಬೈಯಬೇಕೋ ಲೆನ್ಸ್‌ಗೆ ಬೈಯಬೇಕೋ ಗೊತ್ತಾಗಲಿಲ್ಲ. ಲೆನ್ಸ್‌ಗೇ ಬೈದೆ.

ತಪ್ಪು ನನ್ನದು. ಆಟೋಫೋಕಸ್‌ಗೆ ಕಪ್ಪು ಬಿಳುಪಿನ ಅಂಚು ಬೇಕು, ಬೆಳಕು ನೆರಳಿನ ಗೆರೆ ಬೇಕು. ನೆರಳಲ್ಲಿರುವ ಕಪ್ಪು ಹೊಟ್ಟೆಯ ಮೇಲೆ ಗುರಿ ಇಟ್ಟರೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ, ಹುಡುಕಿಕೊಂಡು ಹಿಂದಿನ ಹುಲ್ಲಿಗೆ ಹೋಗುತ್ತದೆ. 200ಡಿ ವ್ಯೂಫೈಂಡರ್‌ನಲ್ಲಿ ಇರುವುದೇ 9 ಫೋಕಸ್ ಪಾಯಿಂಟ್. ಅದರಲ್ಲಿ ನಡುವಿನದೊಂದೇ ಕ್ರಾಸ್ ಟೈಪ್, ಅಂದರೆ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಗುರುತಿಸುವಂಥದ್ದು. ನಾನು ಒಂಬತ್ತನ್ನೂ ತೆರೆದಿಟ್ಟು 'ನೀನೇ ನೋಡಿಕೋ' ಅಂತ ಬಿಟ್ಟಿದ್ದೆ. ಈಗ ನಡುವಿನ ಒಂದೇ ಪಾಯಿಂಟ್, ಓಡುವುದರ ಹಿಂದೆಯೇ ಫೋಕಸ್ ಬದಲಿಸುತ್ತಾ ಹೋಗುವ ಎಐ ಸರ್ವೋ ಮೋಡ್, ಗುರಿ ಸೀದಾ ಎದೆಯ ಬಿಳಿ ಮಚ್ಚೆಗೆ. ನಾಯಿ ನನ್ನ ಕಡೆ ಓಡಿ ಬರುವಾಗ ಮಚ್ಚೆ ತಾನಾಗಿಯೇ ಮುಂದಿರುತ್ತದೆ. ಅಡ್ಡ ಓಡುವಾಗ ಕಾಣುವುದಿಲ್ಲ, ಅದಕ್ಕೆ ಕೊರಳಿಗೆ ಅಗಲವಾದ ಹಳದಿ ಪಟ್ಟಾ ಕಟ್ಟಿದೆ. ಸಂತೆಯಲ್ಲಿ ದನಕ್ಕೆ ಅಂತ ಮಾರುವ ಪಟ್ಟಾ ಅದು, ಕತ್ತರಿಸಿ ಸಣ್ಣ ಮಾಡಿದ್ದು. ಈಗ ನೂರಕ್ಕೆ ಮೂವತ್ತರ ಆಸುಪಾಸು ಸರಿ ಬರುತ್ತವೆ.

ಇನ್ನೊಂದು ಬದಲಾವಣೆ, ಫೋಕಸ್ ಕೆಲಸವನ್ನು ಶಟರ್ ಬಟನ್‌ನಿಂದ ತೆಗೆದು ಹಿಂದಿನ ಸ್ಟಾರ್ ಬಟನ್‌ಗೆ ಕೊಟ್ಟೆ. ಕಸ್ಟಮ್ ಫಂಕ್ಷನ್‌ನಲ್ಲಿ ಸಿಗುತ್ತದೆ. ಹೆಬ್ಬೆರಳು ಒತ್ತಿ ಹಿಡಿದಷ್ಟು ಹೊತ್ತು ಫೋಕಸ್ ನಾಯಿಯ ಹಿಂದೆ ಬರುತ್ತದೆ, ತೋರುಬೆರಳು ಬೇಕಾದಾಗ ಮಾತ್ರ ಕ್ಲಿಕ್ ಮಾಡುತ್ತದೆ. ಮೊದಲ ಎರಡು ದಿನ ಬೆರಳು ತಬ್ಬಿಬ್ಬಾಗುತ್ತದೆ, ಆಮೇಲೆ ಹಳೇ ರೀತಿ ಬೇಡವೇ ಬೇಡ ಅನಿಸುತ್ತದೆ.

ಶಟರ್ ವೇಗಕ್ಕೆ ಒಂದು ಲೆಕ್ಕ ಹಾಕಿ ನೋಡಿ. ನಾಯಿ ಗಂಟೆಗೆ 36 ಕಿ.ಮೀ. ಓಡುತ್ತದೆ ಅಂತ ಇಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 10 ಮೀಟರ್. ಸೆಕೆಂಡಿನ 1/250ರಲ್ಲಿ ತೆಗೆದರೆ ಶಟರ್ ತೆರೆದಿರುವಷ್ಟರಲ್ಲೇ ಅದು 4 ಸೆಂ.ಮೀ. ಮುಂದೆ ಹೋಗಿರುತ್ತದೆ. 1/2000ದಲ್ಲಿ ಅರ್ಧ ಸೆಂ.ಮೀ. ಅಷ್ಟೇ. ಕಾಲುಗಳ ಕಥೆ ಇನ್ನೂ ಬೇರೆ. ನೆಲಕ್ಕೆ ಊರಿದ ಪಾದ ನಿಂತಿರುತ್ತದೆ, ಮುಂದಕ್ಕೆ ಬೀಸುವ ಪಾದ ಮೈಗಿಂತ ಜೋರಾಗಿ ಹೋಗುತ್ತದೆ. ಅದಕ್ಕೇ ಎಷ್ಟೋ ಫೋಟೋದಲ್ಲಿ ಮುಖ ಸ್ಪಷ್ಟ, ಕಾಲು ಮಸುಕು. ನನಗೆ ಆ ಮಸುಕು ಇಷ್ಟ, ಓಟ ಕಾಣುವುದು ಅಲ್ಲೇ ಅಲ್ವಾ. ಹಾಗಾಗಿ ಸಾಮಾನ್ಯವಾಗಿ 1/1250ಕ್ಕೆ ನಿಲ್ಲಿಸುತ್ತೇನೆ.

ಈ ಕ್ಯಾಮೆರಾ ಸೆಕೆಂಡಿಗೆ 5 ಫೋಟೋ ತೆಗೆಯುತ್ತದೆ. ಕೇಳಲು ಜಾಸ್ತಿ ಅನಿಸುತ್ತದೆ. ಅದೇ ಲೆಕ್ಕದಲ್ಲಿ ಒಂದು ಫೋಟೋಗೂ ಇನ್ನೊಂದಕ್ಕೂ ನಡುವೆ ನಾಯಿ 2 ಮೀಟರ್ ದಾಟಿರುತ್ತದೆ! ಪೂರ್ತಿ ವೇಗದಲ್ಲಿ ಓಡುವ ನಾಯಿ ಎರಡು ಸಲ ನೆಲ ಬಿಡುತ್ತದೆ: ಕಾಲೆಲ್ಲ ಹೊಟ್ಟೆಯಡಿ ಮಡಚಿದಾಗ ಒಮ್ಮೆ, ಮೈ ಉದ್ದಕ್ಕೆ ಚಾಚಿದಾಗ ಇನ್ನೊಮ್ಮೆ. ಕುದುರೆಗೆ ಮಡಚಿದಾಗ ಮಾತ್ರ. 1878ರಲ್ಲಿ ಮೈಬ್ರಿಜ್ ಎಂಬ ಫೋಟೋಗ್ರಾಫರ್ ಅಮೆರಿಕದಲ್ಲಿ ಸಾಲು ಕ್ಯಾಮೆರಾ ಇಟ್ಟು ಕುದುರೆಯ ಓಟ ತೆಗೆಯುವವರೆಗೆ ಚಿತ್ರಕಾರರು ಕಾಲು ಚಾಚಿದ ಕುದುರೆಯನ್ನೇ ಗಾಳಿಯಲ್ಲಿ ಹಾರಿಸುತ್ತಿದ್ದರು. ಸುಮ್ನೆ ಬಟನ್ ಒತ್ತಿ ಹಿಡಿದರೆ ಈ ಎರಡೂ ಗಳಿಗೆ ಫೋಟೋಗಳ ಸಂದಿಯಲ್ಲೇ ಜಾರಿ ಹೋಗಬಹುದು. ನಾನು ಎರಡು ಮೂರು ಹೆಜ್ಜೆಯ ಲಯ ನೋಡಿಕೊಂಡು ಒಂದೊಂದೇ ಕ್ಲಿಕ್ ಮಾಡುತ್ತೇನೆ. ಕುಗ್ಗಿಸದ ದೊಡ್ಡ ರಾ ಫೈಲ್‌ನಲ್ಲಿ ತೆಗೆದರೆ ಬಫರ್, ಅಂದರೆ ಫೋಟೋ ಕಾರ್ಡ್‌ಗೆ ಹೋಗುವ ಮೊದಲು ಕಾಯುವ ಜಾಗ, ಬೇಗ ತುಂಬುತ್ತದೆ, ಓಟಕ್ಕೆ ಜೆಪೆಗ್ ಸಾಕು. ಅಗ್ಗಕ್ಕೆ ಸಿಕ್ಕಿತು ಅಂತ ಅಂಗಡಿಯೊಂದರಲ್ಲಿ ಕೊಂಡ ಮೆಮೊರಿ ಕಾರ್ಡ್ ಒಂದು ಇಡೀ ಬೆಳಗಿನ ಫೋಟೋ ನುಂಗಿತು. ಆ ದುಃಖ ಇಲ್ಲಿ ಬೇಡ.

ಬೆಳಕಿನ ವಿಷಯಕ್ಕೆ ಬೀದರ್‌ನ ಮಣ್ಣೇ ನನ್ನ ಗುರು. ಕ್ಯಾಮೆರಾದ ಮೀಟರ್‌ಗೆ ಕಪ್ಪು ಕಂಡರೆ ಅದನ್ನು ಬೂದು ಮಾಡುವ ಚಟ. ನಾಯಿ ಫ್ರೇಮ್ ತುಂಬಿದ ಕೂಡಲೇ ಬಿದರಿ ಹೋಗಿ ಬೂದಿ ಬಳಿದ ನಾಯಿ ಬರುತ್ತದೆ, ಶಟರ್ ಕೂಡ ನಿಧಾನ ಆಗುತ್ತದೆ. ಈಗ ಎಲ್ಲವನ್ನೂ ನಾವೇ ಹೊಂದಿಸುವ ಎಂ ಮೋಡ್ ಹಾಕಿ, ಅದೇ ಬಿಸಿಲಿನಲ್ಲಿರುವ ಕೆಂಪು ಮಣ್ಣಿಗೆ ಮೀಟರ್ ಹಿಡಿದು, ಆ ಅಳತೆಯನ್ನೇ ಬಿಗಿ ಮಾಡಿಡುತ್ತೇನೆ. ನಮ್ಮ ಕೆಂಪು ಮಣ್ಣು ತೀರಾ ಕಪ್ಪೂ ಅಲ್ಲ, ತೀರಾ ಬಿಳುಪೂ ಅಲ್ಲ. ಕಪ್ಪು ಕಪ್ಪಾಗಿಯೇ ಬರುತ್ತದೆ, ಕೂದಲ ಮಿಂಚೂ ಉಳಿಯುತ್ತದೆ. ಕಲಬುರಗಿ ಕಡೆ ಎರೆ ಹೊಲದಲ್ಲಿ ಇದೇ ಉಪಾಯ ಮಾಡಿದರೆ ಎಡವುತ್ತೀರಿ, ಅಲ್ಲಿ ಮಣ್ಣೇ ಕಪ್ಪು.

250ರಲ್ಲಿ ಈ ಲೆನ್ಸ್ ತೆರೆಯುವುದು ಎಫ್/5.6ರವರೆಗೆ ಮಾತ್ರ, ಅಂದರೆ ಬೆಳಕು ಒಳಗೆ ಬರುವ ಕಂಡಿ ಅದಕ್ಕಿಂತ ದೊಡ್ಡದಾಗುವುದಿಲ್ಲ. ಚಳಿಗಾಲದಲ್ಲಿ ಬೆಳಗಿನ ಏಳರ ಹೊತ್ತಿಗೆ ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 3200ಕ್ಕೆ ಏರಿಸಬೇಕಾಗುತ್ತದೆ. ಮಂಜಿದ್ದರೆ ಕ್ಯಾಮೆರಾ ಚೀಲದಲ್ಲೇ ಇರಲಿ. ಬೇಸಿಗೆಯಲ್ಲಿ ಬೆಳಕಿಗೆ ಬರವಿಲ್ಲ, ಆದರೆ ಎಂಟೂವರೆ ಆದರೆ ನೆಲದಿಂದ ಏಳುವ ಝಳಕ್ಕೆ ದೂರದ ನಾಯಿ ನೀರಲ್ಲಿ ಇದ್ದ ಹಾಗೆ ಅಲುಗುತ್ತದೆ. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಅದು ತಪ್ಪುವುದಿಲ್ಲ. ಆ ಹೊತ್ತಿಗೆ ನಾಯಿಯ ಪಾದವೂ ಸುಡುತ್ತದೆ, ಮನೆಗೆ ಹೊರಡಬೇಕು.

ಬೇರೆ ಲೆನ್ಸ್ ನೋಡಿಲ್ಲವಾ ಅಂದರೆ, ಗೆಳೆಯನ ಕ್ಯಾನನ್ 70-300 ಐಎಸ್ 2 ಯುಎಸ್ಎಂ (ಯುಎಸ್ಎಂ ಇನ್ನೊಂದು ಬಗೆಯ ಫೋಕಸ್ ಮೋಟಾರ್) ಒಂದು ಭಾನುವಾರ ಹಾಕಿ ನೋಡಿದೆ. ಫೋಕಸ್ ಸರಕ್ಕನೆ ಬಂದು ಕೂರುತ್ತದೆ, ಎದುರಿಗೆ ಓಡಿ ಬರುವ ನಾಯಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ತೂಕ 710 ಗ್ರಾಂ, ದುಡ್ಡೂ ಜಾಸ್ತಿ. ಅಡ್ಡ ಓಡುವ ನಾಯಿಗೆ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಡ್ಡ ಓಡುವಾಗ ದೂರ ಅಷ್ಟಾಗಿ ಬದಲಾಗುವುದಿಲ್ಲ, ಲೆನ್ಸ್‌ಗೆ ಕೆಲಸವೇ ಕಡಿಮೆ. ಹೊಸದಾಗಿ ಶುರು ಮಾಡುವವರು ಅಡ್ಡ ಓಟದಿಂದಲೇ ಶುರು ಮಾಡಿ.

ನನ್ನ 55-250ರ ಮೌಂಟ್, ಅಂದರೆ ಕ್ಯಾಮೆರಾಗೆ ಕೂರುವ ಬಳೆ, ಪ್ಲಾಸ್ಟಿಕ್. ಅದಕ್ಕೆ ಮೊದಲು ಹೆದರಿದ್ದೆ, ಮೂರು ವರ್ಷದಲ್ಲಿ ಏನೂ ಆಗಿಲ್ಲ. ಲೆನ್ಸ್ ಮುಂದೆ ಹಾಕುವ ಹುಡ್ (ಮರೆ) ಬೇರೆ ಕೊಳ್ಳಬೇಕು, ಕೊಳ್ಳಿ. ಬೆಳಗಿನ ಓರೆ ಬಿಸಿಲಿಗೂ ಬೇಕು, ಅದಕ್ಕಿಂತ ಹೆಚ್ಚಾಗಿ ನಾಯಿಯ ಮೂಗಿಗೆ ಬೇಕು. ರೊಟ್ಟಿ ತಿಂದ ಮೇಲೆ ಬಿದರಿ ಮೊದಲು ಬರುವುದು ಲೆನ್ಸ್ ನೆಕ್ಕಲು. ಹೊಲದಲ್ಲಿ ಲೆನ್ಸ್ ಬದಲಿಸಿದ್ದು ನನ್ನ ದಡ್ಡತನ. ಕೆಂಪು ಧೂಳು ಸೆನ್ಸರ್ ಮೇಲೆ ಕೂತು, ಅದನ್ನು ಒರೆಸಿಸಲು ಹೈದರಾಬಾದ್‌ವರೆಗೆ ಹೋಗಿ ಬಂದೆ.

ಇದನ್ನು ಹಿಡಿದು ಕೂತರೆ ದಾರಿಹೋಕರು ನಿಲ್ಲುತ್ತಾರೆ. ಊರಲ್ಲಿ ಏರ್ ಫೋರ್ಸ್ ತರಬೇತಿ ವಿಮಾನಗಳು ದಿನಾ ಹಾರುತ್ತವಲ್ಲ, ಒಬ್ಬ ಹಿರಿಯರಿಗೆ ಅನುಮಾನ ಬಂತು.

"ಯಾಕ್ರೀ, ವಿಮಾನದ ಫೋಟೋ ತೆಗೀಲಾಕತ್ತೀರೇನು?"

"ಇಲ್ಲ ಕಾಕಾ, ನಮ್ಮ ನಾಯಿದು."

"ನಾಯಿ ಇಲ್ಲೇ ಎದುರಿಗೇ ಅದ ಅಲ್ಲ! ಅದಕ್ಕ ಇಷ್ಟ್ ದೊಡ್ಡ ದುರ್ಬೀನ್ ಯಾಕ?"

ಸ್ಕ್ರೀನ್‌ನಲ್ಲಿ ನಾಲ್ಕೂ ಕಾಲು ಗಾಳಿಯಲ್ಲಿದ್ದ ಫೋಟೋ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ನೋಡಿ, ತಮ್ಮ ಹೋರಿಯದೂ ಹೀಗೆ ಒಂದು ತೆಗೆದು ಕೊಡಿ ಅಂದರು. ಹೋರಿ ಬಿಳಿ ಅಂತೆ. ನನಗೆ ಅಷ್ಟೇ ಸಾಕಿತ್ತು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಎಫ್/5.6ಕ್ಕೆ. ಬಿದರಿಗೆ ಈಗ ಆರು ವರ್ಷ. ಮೊನ್ನೆ ಫೋಟೋ ದೊಡ್ಡದು ಮಾಡಿ ನೋಡುವಾಗ ಗದ್ದದ ಕೆಳಗೆ ನಾಲ್ಕು ಬಿಳಿ ಕೂದಲು ಕಂಡವು. ಮುಂದಿನ ಭಾನುವಾರ ಫೋಕಸ್ ಅಲ್ಲಿ ಹಿಡಿಯುತ್ತಾ ನೋಡಬೇಕು.